ಹಳ್ಳದಾಚೆಯ ಹಿಡಿ ಹಿಟ್ಟು

ಎಲ್ಲ ಮನೆಯ ಹಿಟ್ಟೂ ಬೀಳಬೇಕು. ಒಂದೇ ಒಂದು ಮನೆಯ ಹಿಡಿ ಹಿಟ್ಟು ಬೀಳದೆ ಉಳಿದರೂ ಆ ರೊಟ್ಟಿಯನ್ನು ಮುರಿಯುವಂತಿಲ್ಲ.

ಕಟ್ಟಳೆ ಇಷ್ಟೇ. ಎಲ್ಲರೂ ಅದನ್ನು ಬಲ್ಲವರೇ. ಎಲ್ಲರೂ ಅದನ್ನು ಮುರಿದವರೇ.

ಬಹಳ ಹಿಂದೆ, ಎರೆಮಣ್ಣಿನ ಸೀಮೆಯಲ್ಲಿ ಒಂದು ಊರಿತ್ತಂತೆ. ಊರಿನ ಹೆಸರು ಬೇಡ. ಹೆಸರು ಹೇಳಿದರೆ ಮಿಕ್ಕ ಊರಿನವರು ಸದ್ಯ ನಮ್ಮದಲ್ಲ ಎಂದು ಕಾಲು ಚಾಚಿ ಕೂರುತ್ತಾರೆ. ಆ ಊರಿಗೊಮ್ಮೆ ಬರ ಬಿತ್ತಂತೆ. ಆಗ ಎಲ್ಲಿಂದಲೋ ಬಂದ ಬಿಳಿಯ ಪಾದ್ರಿಯೊಬ್ಬ ಆಲದ ಮರದ ಕೆಳಗೆ ಕೊಪ್ಪರಿಗೆ ಇಟ್ಟು ಅಂಬಲಿ ಕಾಸಿದನಂತೆ. ನೇಗಿಲು ಹಿಡಿದವರು, ಮಗ್ಗದವರು, ತೊಗಲು ಹದ ಮಾಡುವವರು, ಎಲ್ಲರೂ ಆ ಒಂದೇ ಕೊಪ್ಪರಿಗೆಯ ಸುತ್ತ ಕೂತು ಕುಡಿದರಂತೆ. ಹಸಿದವನಿಗೆ ಜಾತಿ ಎಲ್ಲಿ ನೆನಪಿರುತ್ತದೆ? ಆಮೇಲೆ ಮಳೆ ಬಂತು, ಹೊಟ್ಟೆ ತುಂಬಿತು, ಜಾತಿ ನೆನಪಾಯಿತು. ಆದರೆ ಅಷ್ಟರಲ್ಲಿ ಎಲ್ಲರೂ ತಲೆಗೆ ನೀರು ಹಾಕಿಸಿಕೊಂಡು ಕ್ರೈಸ್ತರಾಗಿಬಿಟ್ಟಿದ್ದರು.

ಪಾದ್ರಿ ತನ್ನ ಮಂದೆಯನ್ನು ಚೆನ್ನಾಗಿ ಅರಿತಿದ್ದ. ಅದಕ್ಕೇ ಕಟ್ಟಳೆ ಮಾಡಿದ. ಕ್ರೈಸ್ತರು ಒಟ್ಟಿಗೆ ರೊಟ್ಟಿ ಮುರಿದು ಉಣ್ಣುವ ಕರ್ತನ ಭೋಜನದ ಹಿಂದಿನ ಶನಿವಾರ ಪ್ರತಿ ಮನೆಯಿಂದ ಒಂದು ಹಿಡಿ ಗೋದಿಹಿಟ್ಟು ಬರಬೇಕು. ಎಲ್ಲ ಹಿಟ್ಟೂ ಕೊಣಮಿಗೆ ಎಂಬ ಒಂದೇ ಕಟ್ಟಿಗೆಯ ನಾದುವ ಪಾತ್ರೆಗೆ ಬಿದ್ದು, ಒಂದಾಗಿ ನಾದಿಸಿಕೊಂಡು, ಒಂದೇ ರೊಟ್ಟಿಯಾಗಿ ಬೇಯಬೇಕು. ಭಾನುವಾರ ಆ ರೊಟ್ಟಿಯನ್ನು ಮುರಿಯುವ ಮುನ್ನ ಸಭೆ ನಡೆಸುವ ಅಯ್ಯನವರು ಮೇಜಿನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಕೇಳಬೇಕು: ಎಲ್ಲ ಮನೆಯದೂ ಬಿದ್ದಿದೆಯೋ? ರೊಟ್ಟಿ ಸುಟ್ಟವಳು ಬಾಗಿಲಲ್ಲಿ ನಿಂತು ಉತ್ತರ ಕೊಡಬೇಕು: ಬಿದ್ದಿದೆ. ಆಮೇಲೆಯೇ ಅವಳು ಒಳಗೆ ನಡೆದು ಬಂದು ಮೇಜಿನ ಮೇಲಿನ ಬರಿಯ ತಟ್ಟೆಯಲ್ಲಿ ರೊಟ್ಟಿ ಇಡಬೇಕು.

ಒಮ್ಮೆ ನಾದಿದ ಮೇಲೆ ಯಾರ ಹಿಟ್ಟು ಯಾವುದೆಂದು ದೇವದೂತನೂ ಬಿಡಿಸಲಾರ ಎಂದು ಪಾದ್ರಿ ನಗುತ್ತಿದ್ದನಂತೆ. ನಾದುವ ಮೊದಲೇ ಬಿಡಿಸಬಹುದೆಂದು ಪಾಪ, ಅವನಿಗೆ ಹೊಳೆಯಲಿಲ್ಲ. ಅವನು ಸತ್ತ. ಅವನ ಜಾಗಕ್ಕೆ ನಮ್ಮವರೇ ಬಂದರು. ಕಟ್ಟಳೆ ಉಳಿಯಿತು.

ಆ ರೊಟ್ಟಿ ಸುಡುತ್ತಿದ್ದವಳೇ ತಬಿತವ್ವ. ಅವಳ ಬಗ್ಗೆ ಏನೇನೋ ಹೇಳುತ್ತಾರೆ. ಅವಳ ಭಟ್ಟಿ ಎಂದೂ ಆರುತ್ತಿರಲಿಲ್ಲವಂತೆ. ಬರಿಗೈಯಲ್ಲಿ ಕೆಂಡ ಸರಿಸುತ್ತಿದ್ದಳಂತೆ. ಅವಳ ರೊಟ್ಟಿಯ ಚೂರು ತಿಂದ ಬಾಣಂತಿಗೆ ಹಾಲು ಇಳಿಯುತ್ತಿತ್ತಂತೆ. ಊರಲ್ಲಿ ಮನಸ್ತಾಪ ಇದ್ದ ವಾರ ಅವಳ ಹಿಟ್ಟು ಉಬ್ಬುತ್ತಲೇ ಇರಲಿಲ್ಲವಂತೆ. ಈ ಕೊನೆಯ ಮಾತನ್ನು ಮಾತ್ರ ನಂಬಬೇಡಿ. ಹಿಟ್ಟು ಉಬ್ಬಿತು. ಯಾವಾಗಲೂ ಉಬ್ಬಿತು. ತೊಂದರೆಯಾದದ್ದೇ ಅದರಿಂದ.

ತಬಿತವ್ವ ಕೆಳಗಿನ ಓಣಿಯ ಹೆಣ್ಣು. ಗಂಡ ಸತ್ತ ಮೇಲೆ ಮೈದುನಂದಿರು ಅವಳನ್ನು ಹೊರಗೆ ಹಾಕಿದಾಗ ಸಭೆಯವರು ಭಟ್ಟಿಮನೆಯ ಕೀಲಿಯನ್ನು ಅವಳ ಕೈಗೆ ಕೊಟ್ಟರು. ಒಂದು ಕೋಣೆ, ಹಿತ್ತಿಲಲ್ಲಿ ಭಟ್ಟಿ, ನಾಲ್ಕಾರು ಕೋಳಿ ಸಾಕಲು ಜಾಗ. ರೊಟ್ಟಿ ಸುಡುವ ತನಕ ಮನೆ ನಿನ್ನದು ಎಂದರು. ಆ ಮಾತಿನ ಇನ್ನೊಂದು ಮಗ್ಗುಲನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವಳಿಗೆ ಮಕ್ಕಳಿಲ್ಲ, ತವರಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಆ ಕೀಲಿಯನ್ನು ನಿದ್ದೆಯಲ್ಲೂ ಮುಟ್ಟಿ ನೋಡಿಕೊಳ್ಳುತ್ತಿದ್ದಳಂತೆ.

ಆ ಊರಿನಲ್ಲಿ ಮೇಲಿನ ಓಣಿ ಇತ್ತು, ಕೆಳಗಿನ ಓಣಿ ಇತ್ತು, ಮತ್ತೆ ಹಳ್ಳದಾಚೆ ಸ್ಮಶಾನದ ಪಕ್ಕ ಒಂದೇ ಒಂದು ಗುಡಿಸಲಿತ್ತು. ಅದು ಸತ್ತವರಿಗೆ ಕುಣಿ ತೋಡುವ ದಾನೇಲಪ್ಪನದು. ಹೆಂಡತಿ ಲೋಯಿಸವ್ವ. ಊರಿನಲ್ಲಿ ಯಾರೇ ಸಾಯಲಿ, ಅವರನ್ನು ಮಣ್ಣಿಗೆ ಇಳಿಸುವುದು ದಾನೇಲಪ್ಪನ ಕೈ. ಶ್ರೀಮಂತನಿಗೂ ಬಡವನಿಗೂ ಅವನು ಒಂದೇ ಆಳ ತೋಡುತ್ತಿದ್ದ. ಸತ್ತ ಮೇಲೆ ಆ ಕೈಯ ಬಗ್ಗೆ ಯಾರೂ ತಕರಾರು ಮಾಡಿದ್ದಿಲ್ಲ. ಬದುಕಿರುವವರಿಗೆ ಮಾತ್ರ ಆ ಕೈ ಆಗಿಬರಲಿಲ್ಲ.

ಶುರು ಮಾಡಿದ್ದು ಮೇಲಿನ ಓಣಿಯ ಹೆಂಗಸರು. ಕುಣಿ ತೋಡಿದ ಕೈಯ ಹಿಟ್ಟು ನಮ್ಮ ಬಾಯಿಗೆ ಬರುವುದೇ ಎಂದರು. ಕೆಳಗಿನ ಓಣಿಯವರು ಹೌದು ಹೌದು ಎಂದರು. ಇದೇ ಕೆಳಗಿನ ಓಣಿಯವರ ಹಿಟ್ಟನ್ನು ಮೇಲಿನವರು ಒಮ್ಮೆ ಬೇಡವೆಂದಾಗ, ಹಳೆಯ ಪಾದ್ರಿ ಮೇಜನ್ನೇ ಮಗುಚಿ ಹಾಕಿ ಇವರ ಪರ ನಿಂತಿದ್ದ. ಅದನ್ನು ಇವರು ಹಾಡು ಕಟ್ಟಿ ಹಾಡುತ್ತಿದ್ದರು. ಹಾಡು ಹಾಡುತ್ತಲೇ ಹಳ್ಳದಾಚೆಯ ಹಿಟ್ಟು ಬೇಡವೆಂದರು. ಅದೊಂದು ಮಾತಿನಲ್ಲಿ ಎರಡು ಓಣಿಗಳೂ ಅಣ್ಣತಮ್ಮಂದಿರಾದವು.

ಆಗ ಸಭೆ ನೋಡಿಕೊಳ್ಳುತ್ತಿದ್ದವರು ಥಿಯೋಫಿಲ ಅಯ್ಯನವರು. ಅವರು ಬೋಧನೆಗೆ ನಿಂತರೆ ಕಲ್ಲುಕಂಬವೂ ಅಳುತ್ತಿತ್ತಂತೆ. ಅವರು ಒಂದು ಸಂಜೆ ಭಟ್ಟಿಮನೆಗೆ ಬಂದು, ಕೋಳಿಗಳನ್ನು ನೋಡಿ, ಹವೆಯನ್ನು ಹೊಗಳಿ, ಕೊನೆಗೆ ಮಾತು ತೆಗೆದರು.

"ತಬಿತವ್ವಾ, ದೇವರ ಮುಂದ ಎಲ್ಲಾರೂ ಒಂದೇ. ಆದ್ರ ಜನಾ ಇನ್ನೂ ದೇವರಾಗಿಲ್ಲ ನೋಡು. ಎಳೀ ನಂಬಿಕೀ ಮಂದಿ. ಲೋಯಿಸವ್ವ ಹಿಟ್ಟು ತಂದ್ರ ಬ್ಯಾಡ ಅನಬ್ಯಾಡ, ಪಾಪ, ಮನಸ್ಸು ನೋಯತದ. ನಕ್ಕೋತ ತಗೋ. ಮುಂದ ಕೊಣಮಿಗಿಗೆ ಹಾಕೂದು ಬಿಡೂದು ನಿನ್ನ ಕೈಯಾಗಿನ ಮಾತು. ನಾ ಏನೂ ಹೇಳಿಲ್ಲ."

ನಿಜ, ಅವರು ಏನೂ ಹೇಳಿರಲಿಲ್ಲ.

ಮೊದಲ ಸಲ ಲೋಯಿಸವ್ವನ ಹಿಟ್ಟನ್ನು ಬೇರೆ ಎತ್ತಿಡುವ ಮುನ್ನ ತಬಿತವ್ವ ಬಾಗಿಲು ಹಾಕಿಕೊಂಡಳಂತೆ. ಎರಡನೆಯ ಸಲ ಹಾಕಿಕೊಳ್ಳಲಿಲ್ಲ. ಚೆಲ್ಲಿದರೆ ಪಾಪ ಎಂದು ಆ ಹಿಟ್ಟನ್ನು ಕೋಳಿಗೆ ಹಾಕಿದಳು. ನೋಡಿ, ಪಾಪದ ಭಯ ಎಷ್ಟಿತ್ತು! ಭಾನುವಾರ ಬಾಗಿಲಲ್ಲಿ ನಿಂತು ಬಿದ್ದಿದೆ ಎಂದಳು. ಹೀಗೇ ವರ್ಷಗಳು ಹೋದವು.

ಲೋಯಿಸವ್ವನ ಹಿಟ್ಟಿನ ಮಾತು ಕೇಳಿ. ಅವಳಿಗೆ ಹೊಲವಿಲ್ಲ. ಸುಗ್ಗಿ ಮುಗಿದ ಮೇಲೆ ಮೇಲಿನ ಓಣಿಯವರ ಹೊಲದಲ್ಲಿ ಹಕ್ಕಲು ಆಯ್ದು, ಉದುರಿದ ಗೋದಿಯ ತೆನೆ ಹೆಕ್ಕಿ, ತೊಳೆದು, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿ ತರುತ್ತಿದ್ದಳು. ಉಳಿದವರು ಹಿಟ್ಟು ಕೊಟ್ಟು ಹೋಗುತ್ತಿದ್ದರು. ಅವಳು ಮಾತ್ರ ನಿಂತು, ಅಕ್ಕಾ ನುಣ್ಣಗೆ ಆಗಿದೆಯೇ ಎಂದು ಕೇಳುತ್ತಿದ್ದಳು. ಮಲ್ಲಿಗೆ ಆಗಿದೆ ಎಂದು ತಬಿತವ್ವ ನಗುತ್ತಿದ್ದಳು. ಭಾನುವಾರ ಎಲ್ಲರಾದ ಮೇಲೆ ಕಡೆಯ ಚೂರು ಲೋಯಿಸವ್ವನ ನಾಲಿಗೆಗೆ ಬರುತ್ತಿತ್ತು. ಅವಳು ಕಣ್ಣು ಮುಚ್ಚಿ ಅದನ್ನು ಮೆಲ್ಲಗೆ ಕರಗಿಸುತ್ತಿದ್ದಳು, ತನ್ನ ಹಿಡಿ ಹಿಟ್ಟನ್ನು ಅದರೊಳಗೆ ಹುಡುಕುವವಳಂತೆ. ತಬಿತವ್ವ ಆ ಹೊತ್ತಿಗೆ ಸರಿಯಾಗಿ ನೆಲ ನೋಡುವುದನ್ನು ರೂಢಿ ಮಾಡಿಕೊಂಡಿದ್ದಳು.

ಒಂದು ಶನಿವಾರ ಲೋಯಿಸವ್ವ ಹಿಟ್ಟು ಕೊಟ್ಟು ಹೋದವಳು ಬಟ್ಟೆ ಮರೆತೆನೆಂದು ಹಿಂದಿರುಗಿ ಬಂದಳು. ಹಿತ್ತಿಲಲ್ಲಿ ಕೋಳಿಗಳು ಮುಗಿಬಿದ್ದಿದ್ದವು. ಕೊಕ್ಕುಗಳು ಬೆಳ್ಳಗಾಗಿದ್ದವು. ತಬಿತವ್ವನ ಅಂಗೈಯೂ ಬೆಳ್ಳಗಿತ್ತು.

ಲೋಯಿಸವ್ವ ಅಳಲಿಲ್ಲ, ಕೂಗಲಿಲ್ಲ. "ಕೋಳಿಗೆ ಜ್ವಾಳ ಸಾಲ್ತಿರ್ಲಿಲ್ಲೇನಕ್ಕಾ?" ಎಂದಳಂತೆ. ಬಟ್ಟೆಯನ್ನು ಝಾಡಿಸಿ, ಮಡಚಿ, ತೆಗೆದುಕೊಂಡು ಹೋದಳು. ಮರುದಿನ ಬಾಗಿಲಿನಿಂದ ಬಿದ್ದಿದೆ ಎಂಬ ಮಾತು ಬಂದಾಗ ಹಿಂದಿನ ಸಾಲಿನಿಂದ ಎದ್ದು, ತಬಿತವ್ವನ ಮೈ ಸವರಿಕೊಂಡೇ ಹೊರಗೆ ನಡೆದಳು. ಅವಳಿಗೆ ಮೈ ಹುಷಾರಿಲ್ಲ ಎಂದು ಜನ ಮಾತಾಡಿಕೊಂಡರು.

ಮುಂದಿನ ಭೋಜನದ ಶನಿವಾರ ಬಂತು. ಮೇಲಿನ ಓಣಿಯ ಹಿಟ್ಟು ಬಂತು, ಕೆಳಗಿನ ಓಣಿಯ ಹಿಟ್ಟು ಬಂತು. ಹಳ್ಳದಾಚೆಯಿಂದ ಬರಲಿಲ್ಲ. ವರ್ಷಗಟ್ಟಲೆ ಬೇಡವಾಗಿದ್ದ ಹಿಟ್ಟಿಗಾಗಿ ತಬಿತವ್ವ ಹೊತ್ತು ಇಳಿಯುವವರೆಗೆ ಬಾಗಿಲಲ್ಲಿ ಕಾದಳು. ಬಂದ ಹಿಟ್ಟು ಬೇಡವಾದರೆ ಹೇಗಾದರೂ ಸಾಗುತ್ತದೆ. ಬರಬೇಕಾದ ಹಿಟ್ಟು ಬಾರದಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಅವಳು ಎದ್ದು ಹಳ್ಳಕ್ಕೆ ಹೋದಳು.

ಹೋದಳು, ದಾಟಲಿಲ್ಲ. ಈಚೆ ದಂಡೆಯ ದುಂಡುಗಲ್ಲಿನ ಹತ್ತಿರ ನಿಂತು ಕೂಗಿದಳು. ಲೋಯಿಸವ್ವ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು.

"ಲೋಯಿಸಾ, ಹಿಟ್ಟು ತರಲಿಲ್ಲಲ್ಲ?"

"ಯಾಕ, ಕೋಳಿ ಉಪವಾಸ ಅದಾವೇನು?"

ಲೋಯಿಸವ್ವ ಬಟ್ಟೆ ಹಿಂಡುತ್ತಲೇ ಮುಂದುವರಿಸಿದಳು. "ನನ್ನ ಹಿಟ್ಟು ನಿನ್ನ ಕೋಳಿ ತಿಂದಾವು. ಕೋಳಿ ಇಟ್ಟ ತತ್ತಿ ನೀ ಅಯ್ಯನವರ ಮನಿಗೆ ಒಯ್ದು ಕೊಟ್ಟೀದಿ. ಅಯ್ಯನವರು ಉಂಡಾರ. ಅಂದಮ್ಯಾಲ ನನ್ನ ಹಿಟ್ಟು ಮುಟ್ಟಬೇಕಾದಲ್ಲಿಗೇ ಮುಟ್ಟೇತಿ, ಬಿಡು. ಅವರಿಗೆ ಇನ್ನೂ ಏನೂ ಆಗಿಲ್ಲಲ್ಲ?"

"ನಗಬ್ಯಾಡ ತಂಗೀ. ನಾಳೆ ನನ್ನ ಕೇಳ್ತಾರ."

"ಕೇಳ್ಲಿ. ನೀ ಏನಂತೀ ಅನ್ನೂದನ್ನ ಕೇಳಾಕ ನಾನೂ ಬರ್ತೀನಿ. ಹಿಟ್ಟು ಬೀಸಿ ಇಟ್ಟೀನಿ, ಇಲ್ಲ ಅನ್ನೂದಿಲ್ಲ. ಬೇಕಾದ್ರ ಬಂದು ಒಯ್ಯಿ. ನೀರು ಮೊಳಕಾಲಿಗೂ ಇಲ್ಲ."

ನೀರು ನಿಜಕ್ಕೂ ಮೊಳಕಾಲಿಗೆ ಇರಲಿಲ್ಲ. ಆದರೆ ಮೇಲುಗಡೆ ಕೊಡ ತುಂಬುತ್ತಿದ್ದ ಹೆಂಗಸರು ಕೊಡ ಬಿಟ್ಟು ಇತ್ತ ನೋಡುತ್ತಿದ್ದರು. ಹಳ್ಳದಾಚೆ ಹೆಣದ ಜೊತೆಗಲ್ಲದೆ ಯಾರೂ ಹೋಗುತ್ತಿರಲಿಲ್ಲ. ತಬಿತವ್ವ ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡಳು. ತಿರುಗಿ ಬಂದುಬಿಟ್ಟಳು.

ದಾರಿಯಲ್ಲಿ ಅಯ್ಯನವರ ಮನೆಗೆ ಹೋಗಿ ವಿಷಯ ಹೇಳಿದಳು. ಅಯ್ಯನವರು ಮರುದಿನದ ಬೋಧನೆಯನ್ನು ಗಟ್ಟಿಯಾಗಿ ಹೇಳಿ ನೋಡಿಕೊಳ್ಳುತ್ತಿದ್ದರು. ಎತ್ತಿದ ಕೈಯನ್ನು ಇಳಿಸದೆಯೇ ಕೇಳಿಸಿಕೊಂಡರು. ಇಷ್ಟೇ ತಾನೆ, ನಿನ್ನ ಡಬ್ಬಿಯಿಂದ ಒಂದು ಹಿಡಿ ತೆಗೆದು ಅವಳ ಹೆಸರಿನಲ್ಲಿ ಹಾಕು, ಹಿಟ್ಟಿಗೇನು ಹೆಸರು ಬರೆದಿರುತ್ತದೆಯೇ ಎಂದರು. ಅವಳು ಅಲ್ಲೇ ನಿಂತಿದ್ದಳು. ಆಗ ಅಯ್ಯನವರು ಕೈ ಇಳಿಸಿ, ಭಟ್ಟಿಮನೆಯ ಮಾಡು ಸೋರುತ್ತದಂತಲ್ಲ ತಬಿತವ್ವಾ, ಮಳೆಗಾಲಕ್ಕೆ ಮೊದಲು ಹಂಚು ಹೊದಿಸೋಣ, ನೀನು ಅಲ್ಲಿರುವ ತನಕ ನಿನಗೇಕೆ ಕಷ್ಟ ಎಂದರು. ದನಿ ಬೆಣ್ಣೆಯಂತಿತ್ತಂತೆ.

ತಬಿತವ್ವ ಮನೆಗೆ ಬಂದು ಡಬ್ಬಿಯ ಮುಚ್ಚಳ ತೆಗೆದಳು. ಮುಚ್ಚಿದಳು. ಬಂದಷ್ಟೇ ಹಿಟ್ಟನ್ನು ನಾದಿದಳು. ಅದೂ ಉಬ್ಬಿತು. ಉಬ್ಬಿದ್ದನ್ನು ನೋಡಿ ಅವಳು ತಲೆ ಮೇಲೆ ಕೈ ಹೊತ್ತು ಕೂತಳಂತೆ. ಆ ದಿನವಾದರೂ ಹಿಟ್ಟು ಉಬ್ಬದೆ ಇದ್ದಿದ್ದರೆ ತಾನು ಬಾಯಿ ತೆರೆಯಬೇಕಾಗಿರಲಿಲ್ಲ ಎಂದುಕೊಂಡಳಂತೆ.

ಭಾನುವಾರದ ಬೋಧನೆಯನ್ನು ಆ ಊರಿನವರು ಬಹುಕಾಲ ನೆನೆದರು. ದೇವರು ಮುಖ ನೋಡಿ ಮಣೆ ಹಾಕುವವನಲ್ಲ ಎಂದರು ಅಯ್ಯನವರು. ಅವನ ಪಂಕ್ತಿಯಲ್ಲಿ ಮೇಲಿನ ಎಲೆ ಇಲ್ಲ, ಕೆಳಗಿನ ಎಲೆ ಇಲ್ಲ. ಬಾಯಲ್ಲಿ ಕರ್ತನ ಹೆಸರು, ಮನೆಯಲ್ಲಿ ಬೇರೆ ತಕ್ಕಡಿ, ಅಂಥವನ ಹೆಸರನ್ನು ತೀರ್ಪಿನ ದಿನ ದೇವರು ಮೊದಲು ಕರೆಯುತ್ತಾನೆ ಎಂದರು. ಮೇಲಿನ ಓಣಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಭೆಯ ಹಿರಿಯ ಸಿಮಿಯೋನಪ್ಪ ಬಹಳ ಸರಿ ಎಂಬಂತೆ ತಲೆದೂಗಿ ಕೆಳಗಿನ ಓಣಿಯವರ ಕಡೆ ನೋಡಿದ. ಕೆಳಗಿನ ಓಣಿಯವರು ಮೇಲಿನ ಓಣಿಯವರ ಕಡೆ ನೋಡಿದರು. ಪ್ರತಿಯೊಬ್ಬನೂ ಮಾತನ್ನು ಸುಡುವ ಪಾತ್ರೆಯಂತೆ ಪಕ್ಕದವನ ಕೈಗೆ ದಾಟಿಸಿದ. ಕೊನೆಗೆ ಪಾತ್ರೆ ಯಾರ ಕೈಯಲ್ಲೂ ಉಳಿಯಲಿಲ್ಲ.

ದಾನೇಲಪ್ಪ ಹಿಂದಿನ ಸಾಲಿನಲ್ಲಿ ಒಬ್ಬನೇ ಕೂತಿದ್ದ. ಲೋಯಿಸವ್ವ ಬಂದಿದ್ದಳು, ಒಳಗೆ ಬರಲಿಲ್ಲ. ಅಂಗಳದ ಹುಣಸೆಮರದ ಕೆಳಗೆ ನಿಂತಿದ್ದಳು.

ಅಯ್ಯನವರು ಮೇಜಿನ ಮುಂದೆ ನಿಂತು ಕೇಳಿದರು, ಎಲ್ಲ ಮನೆಯದೂ ಬಿದ್ದಿದೆಯೋ?

ಬಟ್ಟೆ ಮುಚ್ಚಿದ ರೊಟ್ಟಿಯನ್ನು ಹಿಡಿದು ಬಾಗಿಲಲ್ಲಿ ನಿಂತ ತಬಿತವ್ವ, "ಇಲ್ಲರೀ" ಎಂದಳು.

ಒಬ್ಬಿಬ್ಬರು ನಕ್ಕರು. "ಮುದುಕಿ ಕಿವಿ ಮಂದ ಆಗ್ಯಾವ್ರೀ, ಇನ್ನೊಮ್ಮೆ ಕೇಳ್ರಿ" ಎಂದ ಸಿಮಿಯೋನಪ್ಪ.

ಅಯ್ಯನವರು ಇನ್ನೊಮ್ಮೆ ಕೇಳಿದರು. ಕೇಳುತ್ತಾ ಕಣ್ಣಿನಲ್ಲೇ ಭಟ್ಟಿಮನೆಯನ್ನು ನೆನಪಿಸಿದರು.

"ಕಿವಿ ನೆಟ್ಟಗ ಅದಾವು, ಸಿಮಿಯೋನಣ್ಣಾ. ಒಂದು ಮನೀದು ಬಿದ್ದಿಲ್ಲ. ಈ ಸಲ ಅಷ್ಟ ಅಲ್ಲ, ಹಿಂದಿನ ಸಲಾನೂ ಬಿದ್ದಿಲ್ಲ, ಅದರ ಹಿಂದಿನ ಸಲಾನೂ ಬಿದ್ದಿಲ್ಲ. ನಾ ಅದನ್ನ ಕೋಳಿಗೆ ಹಾಕೀನಿ, ಇಲ್ಲಿ ನಿಂತು ಬಿದ್ದದ ಅಂತ ಸುಳ್ಳು ಹೇಳೀನಿ. ನೀವೆಲ್ಲಾ ಆ ಸುಳ್ಳನ್ನ ಉಂಡೀರಿ."

ಯಾರ ಮನೆಯದು ಎಂದು ಒಬ್ಬರೂ ಕೇಳಲಿಲ್ಲ. ಹಿಂದಿನ ಸಾಲಿನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಎಲ್ಲರಿಗೂ ಗೊತ್ತಿತ್ತೆಂಬುದು ಗೊತ್ತಾದದ್ದೇ ಅದರಿಂದ.

ಮುಂದೇನಾಯಿತು? ಕಟ್ಟಳೆಯಂತೆ ಅಂದು ಭೋಜನ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಯ್ಯನವರ ಹೆಂಡತಿ ಎದ್ದು, ಮೇಜಿನ ಕೆಳಗಿನಿಂದ ಒಂದು ಬಟ್ಟೆಯ ಗಂಟನ್ನು ತೆಗೆದರು. ಅದರಲ್ಲಿ ಇನ್ನೊಂದು ರೊಟ್ಟಿ ಇತ್ತು. ಶನಿವಾರವೇ ಸುಟ್ಟದ್ದು, ಒಂದೇ ಮನೆಯ ಹಿಟ್ಟಿನದು, ಅಯ್ಯನವರ ಮನೆಯದು. ಅಯ್ಯನವರು ಅದನ್ನು ಮುರಿದರು. ತುಸು ಅವಸರದಿಂದ ಮುರಿದರು. ಮೇಲಿನ ಓಣಿ ಉಂಡಿತು, ಕೆಳಗಿನ ಓಣಿ ಉಂಡಿತು. ಕಡೆಯ ಚೂರು ದಾನೇಲಪ್ಪನ ಹತ್ತಿರ ಬಂದಾಗ ಅವನು ಕಿಟಕಿಯಾಚೆ ಹುಣಸೆಮರದ ಕಡೆ ಒಮ್ಮೆ ನೋಡಿ ಬಾಯಿ ತೆರೆದ. ಕುಣಿಯ ಕೆಲಸ ಹೋದರೆ ಗುಡಿಸಲೂ ಹೋಗುತ್ತಿತ್ತು. ಅವನನ್ನು ಬೈಯುವವರು ಮೊದಲು ತಮ್ಮ ಹೊಸ್ತಿಲು ನೋಡಿಕೊಳ್ಳಲಿ.

ಇಲ್ಲಿಂದ ಮುಂದೆ ಕಥೆ ಹತ್ತು ಬಾಯಲ್ಲಿ ಹತ್ತು ಥರ. ಆ ಕ್ಷಣ ಸಿಡಿಲು ಹೊಡೆದು ಗೋಡೆ ಬಿರುಕು ಬಿಟ್ಟಿತು ಎನ್ನುತ್ತಾರೆ. ಅಯ್ಯನವರ ನಾಲಿಗೆ ಬಿದ್ದುಹೋಯಿತು ಎನ್ನುತ್ತಾರೆ. ತಬಿತವ್ವನ ಕೈಯಲ್ಲಿದ್ದ ರೊಟ್ಟಿ ಕಲ್ಲಾಯಿತು, ಅದನ್ನು ಅವಳು ಹಳ್ಳದ ದಂಡೆಗೆ ಉರುಳಿಸಿದಳು, ಅಲ್ಲಿರುವ ದುಂಡುಗಲ್ಲೇ ಅದು ಎನ್ನುತ್ತಾರೆ. ಎಲ್ಲ ಸುಳ್ಳು. ಸಿಡಿಲು ಬರಲಿಲ್ಲ. ತೀರ್ಪು ಎಂದರೆ ಸಿಡಿಲು ಎಂದುಕೊಂಡವರು, ಸಿಡಿಲು ಬರಲಿಲ್ಲವಲ್ಲ ಎಂದು ಅಂದು ಮಧ್ಯಾಹ್ನ ನೆಮ್ಮದಿಯಾಗಿ ಉಂಡು ಮಲಗಿದರು. ಅಯ್ಯನವರು ತುಂಬ ವರ್ಷ ಬಾಳಿ, ತುಂಬ ಜನರನ್ನು ಅಳಿಸಿ, ಮರ್ಯಾದೆಯಿಂದ ಸತ್ತರು. ದಾನೇಲಪ್ಪ ಅವರಿಗೂ ಅದೇ ಆಳ ತೋಡಿದ. ಆ ಆಳದಲ್ಲಿ ಅವರನ್ನು ಯಾರು ಏನು ಕೇಳಿದರೋ, ಮೇಲೆ ನಿಂತವರಿಗೆ ಕೇಳಿಸಲಿಲ್ಲ.

ಆದರೂ ತಬಿತವ್ವನನ್ನು ಊರು ಮರೆತಿಲ್ಲ. ಮರೆಯದಿರುವುದರಲ್ಲಿ ನಮ್ಮ ಜನ ಗಟ್ಟಿಗರು. ಇಂದಿಗೂ ಭೋಜನದ ಶನಿವಾರ ಎರಡೂ ಓಣಿಯ ಹೆಂಗಸರು ತಲೆ ಮೇಲೆ ಸೆರಗು ಹೊದ್ದು ಹಳ್ಳಕ್ಕೆ ಹೋಗುತ್ತಾರೆ. ದುಂಡುಗಲ್ಲನ್ನು ತೊಳೆದು ಅದರ ಮೇಲೆ ಒಂದು ಹಿಡಿ ಗೋದಿಹಿಟ್ಟು ಸುರಿಯುತ್ತಾರೆ. ಅದಕ್ಕೆ ತಬಿತವ್ವನ ರೊಟ್ಟಿ ಎಂದು ಹೆಸರು. ಊಟ ಸೇರದ ಮಕ್ಕಳ ಹಣೆಗೆ ಆ ಹಿಟ್ಟು ಹಚ್ಚಿದರೆ ಹಸಿವು ಹುಟ್ಟುತ್ತದಂತೆ. ಹೊಸ ಸೊಸೆಯ ಕೈಯಿಂದ ಹಾಕಿಸಿದರೆ ಮನೆಯಲ್ಲಿ ಹಿಟ್ಟಿಗೆ ಬರ ಬಾರದಂತೆ. ಎಲ್ಲರೂ ಹಾಕುತ್ತಾರೆ, ಕೈ ಮುಗಿಯುತ್ತಾರೆ, ಕೋಳಿಗಳು ಬಂದು ತಿನ್ನುತ್ತವೆ, ಹಿಂದಿರುಗುತ್ತಾರೆ. ಕಲ್ಲಿರುವುದು ಈಚೆ ದಂಡೆಯಲ್ಲಿ. ಅವಳು ದಾಟದೆ ನಿಂತ ಜಾಗದಲ್ಲಿ. ಆಚೆ ಈಗಲೂ ಕುಣಿ ತೋಡುವವರ ಮನೆ ಇದೆ. ಅಲ್ಲಿಂದ ಹಿಟ್ಟು ತರುವುದಕ್ಕೆ ಯಾರೂ ಹೋಗುವುದಿಲ್ಲ.

ತಬಿತವ್ವ ಆ ಭಾನುವಾರ ಮಾಡಿದ್ದು ಇಷ್ಟು.

ಎಲ್ಲರೂ ಉಂಡ ಮೇಲೆ ಅಯ್ಯನವರು, ಸಭೆಯೆಲ್ಲ ನೋಡುತ್ತಿರುವಂತೆ, ಬೇರೆ ಎತ್ತಿಟ್ಟುಕೊಂಡಿದ್ದ ಒಂದು ಚೂರನ್ನು ಹಿಡಿದು ಬಾಗಿಲಿಗೆ ನಡೆದು ಬಂದರು. ದೇವರು ಕ್ಷಮಿಸುತ್ತಾನೆ, ನಾವೂ ಕ್ಷಮಿಸಿದ್ದೇವೆ, ಬಾಯಿ ತೆರೆ ತಬಿತವ್ವಾ, ಎಂದರು. ದನಿ ಬೆಣ್ಣೆಯಂತೆಯೇ ಇತ್ತು. ತಬಿತವ್ವ ಬಾಯಿ ತೆರೆಯಲಿಲ್ಲ. ಅವರನ್ನು ದಾಟಿಕೊಂಡು ಮೇಜಿನ ತನಕ ನಡೆದಳು. ರೊಟ್ಟಿ ಇಡಬೇಕಾದ ತಟ್ಟೆ ಬರಿದಾಗಿತ್ತು. ಸೊಂಟದಿಂದ ಭಟ್ಟಿಮನೆಯ ಕೀಲಿ ತೆಗೆದು ಅದರಲ್ಲಿ ಇಟ್ಟಳು. ಕೀಲಿ ತಟ್ಟೆಗೆ ತಾಗಿದ ಸದ್ದು ಹಿಂದಿನ ಸಾಲಿಗೂ ಕೇಳಿತು. ಆಮೇಲೆ ತಾನು ಸುಟ್ಟ ರೊಟ್ಟಿಯನ್ನು ಮುರಿಯದೆ, ಹಾಗೇ ಕಂಕುಳಲ್ಲಿ ಅವುಚಿಕೊಂಡು ಹೊರಗೆ ಬಂದಳು. ಹುಣಸೆಮರದ ಕೆಳಗೆ ನಿಂತಿದ್ದ ಲೋಯಿಸವ್ವ ತಿರುಗಿ ಮುಂದೆ ನಡೆದಳು. ತಬಿತವ್ವ ಅವಳ ಹಿಂದೆ ನಡೆದಳು. ದುಂಡುಗಲ್ಲು ಬಂತು. ಅಲ್ಲಿ ನಿಲ್ಲದೆ, ಸೀರೆ ಎತ್ತಿ ಕಟ್ಟಿ, ನೀರಿಗೆ ಕಾಲಿಟ್ಟು, ಹಳ್ಳ ದಾಟಿದಳು.